ಕೈ ಆದಮೇಲೆ ಕಾಲು

ಮಾರ್ಚ್ 3, ಸೋಮವಾರ

ಮನೆಯಲ್ಲಿ ಮೂರು ಜನ, ಬಾಯಿ ಬಿಡುವವಳು ನಾನೊಬ್ಬಳೇ. ಇವರು "ಅವನಿಗೆ ಹೇಳು" ಅನ್ನುತ್ತಾರೆ. ಮೈದುನ "ಅಣ್ಣಂಗೆ ಹೇಳಿ ಅತ್ತಿಗೆ" ಅನ್ನುತ್ತಾನೆ. ಇಬ್ಬರ ನಡುವೆ ಇರುವುದು ಕಾರ್ಪೆಟ್ಟು ತೊಳೆಯುವ ಒಂದು ತೊಟ್ಟಿ ಮಾತ್ರ. ಅದರ ಸುತ್ತ ಟಪಾಲು ಹಂಚುತ್ತಾ ಓಡಾಡಿ ನನ್ನ ಕಾಲು ಸವೆದುಹೋಯಿತು. ಸೋಪಿನ ಏಜೆಂಟು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ, ಬರೆಯಲು ಕೂತೆ.

ಆದದ್ದು ಶನಿವಾರ. ಕನ್ನಡಕದ ಅಂಗಡಿಯವರ ಕಾರ್ಪೆಟ್ಟು ತೊಟ್ಟಿಯಲ್ಲಿ ಹರಿದುಹೋಯಿತು. ಅಂಚಿನಲ್ಲಿ ನಾಲ್ಕು ಎಳೆ ಬಿಟ್ಟುಕೊಂಡಿದ್ದರೆ ಸುಮ್ಮನಿರಬಹುದಿತ್ತು. ಇದು ಊಟದ ತಟ್ಟೆಯಷ್ಟು ಅಗಲದ ತೂತು. ತೊಳೆಯುವುದು ಮೈದುನನ ಕೆಲಸ. ಅವನಿಗೆ ನಾನಿಟ್ಟ ಹೆಸರು ಸುಂಟರಗಾಳಿ. ಮದುವೆಯಾಗಲೂ ಪುರುಸೊತ್ತು ಮಾಡಿಕೊಳ್ಳದೆ ನಲವತ್ತು ದಾಟಿಸಿದವನು. ಬ್ರಷ್ಷು ಹಿಡಿದರೆ ಕೊಳೆಯ ಜೊತೆ ಬಣ್ಣವೂ ಏಳಬೇಕು ಅನ್ನುವ ಹಾಗೆ ಉಜ್ಜುತ್ತಾನೆ. "ಉಜ್ಜಿ ಹರಿದುಹಾಕಿದ" ಅಂದರು ಇವರು. ನನಗೂ ಹಾಗೇ ಅನ್ನಿಸಿತು. ಯಾವಾಗಲೂ ಮಾತಿಗೆ ಮಾತು ಕೊಡುವವನು ಈ ಸಲ ತುಟಿ ಬಿಚ್ಚಲಿಲ್ಲ. ತಪ್ಪು ಮಾಡಿದವರು ಹೀಗೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ.

ನೋಡದೆ ನೀರಿಗೆ ಹಾಕಿದ್ದೇವೆಯೇ ಎಂದರೆ ಅದೂ ಇಲ್ಲ. ನಮ್ಮ ಮಾವನ ಕಾಲದಿಂದ ಈ ಅಂಗಡಿಗೆ ಒಂದು ಕಟ್ಟುಪಾಡಿದೆ. ನೀರು ಮುಟ್ಟಿಸುವ ಮುಂಚೆ ಇಬ್ಬರು ನೋಡಬೇಕು. ಒಬ್ಬರು ಈ ತುದಿಯಿಂದ, ಒಬ್ಬರು ಆ ತುದಿಯಿಂದ, ಮಂಡಿಯೂರಿ, ಅಂಗೈಯಗಲ ಜಾಗವನ್ನೂ ಬಿಡದೆ ಕೈಯಾಡಿಸುತ್ತಾ ಬಂದು ನಡುವಿನಲ್ಲಿ ಕೈಗೆ ಕೈ ತಾಗಬೇಕು. ನುಸಿ ತಿಂದ ಜಾಗ, ಹಳೆಯ ಹೊಲಿಗೆ, ಒಳಗೆ ಸಿಕ್ಕಿಕೊಂಡ ಪಿನ್ನು, ನಾಯಿ ಬೆಕ್ಕು ಮಾಡಿದ ಗಲೀಜು, ಎಲ್ಲ ಕೈಗೆ ಮೂಗಿಗೆ ಸಿಗುತ್ತದೆ. ಒದ್ದೆ ಬಿಳಿಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಬೇಕು. ಆಮೇಲೆ ತಮ್ಮ ತಮ್ಮ ಅರ್ಧದ ಮೇಲೆ ಬರಿಗಾಲಲ್ಲಿ ನಡೆಯಬೇಕು, ಕೈಗೆ ತಪ್ಪಿದ್ದು ಅಂಗಾಲಿಗೆ ಸಿಗುತ್ತದೆ. ಕೈ ಆದಮೇಲೆ ಕಾಲು, ಕಾಲಾದಮೇಲೆ ನೀರು ಅನ್ನುತ್ತಿದ್ದರು ಮಾವ. ಮುಗಿದ ಮೇಲೆ "ಸರಿಯಿದೆ" ಅನ್ನುವ ಹಾಗಿಲ್ಲ. "ನೋಡಿದೆ" ಅನ್ನಬೇಕು. ಸರಿಯಿದೆಯೋ ಇಲ್ಲವೋ ಎಂದು ಹೇಳಲು ನಾವ್ಯಾರು, ನೋಡಿದ್ದನ್ನು ಮಾತ್ರ ಹೇಳಬಹುದು ಎಂದು ಅವರ ಲೆಕ್ಕಾಚಾರ.

ಶನಿವಾರವೂ ಇವರು "ನೋಡಿದೆ" ಅಂದರು, ನಾನು "ನೋಡಿದೆ" ಅಂದೆ. ಇವರ ಬೆರಳ ತುದಿಯಲ್ಲಿ ಕಣ್ಣಿದೆ ಎಂದು ಗಿರಾಕಿಗಳೇ ಹೇಳುತ್ತಾರೆ. ಮತ್ತೆ ಉಳಿದದ್ದು ಸುಂಟರಗಾಳಿಯ ಬ್ರಷ್ಷು ತಾನೆ?

ಮಾರ್ಚ್ 5, ಬುಧವಾರ

ಕನ್ನಡಕದವರು ಬಂದಿದ್ದರು. ಅವರ ತಾಯಿ ಇಷ್ಟಪಟ್ಟು ಕೊಂಡ ಕಾರ್ಪೆಟ್ಟಂತೆ. ತೂತಿನೊಳಗೆ ಕೈ ತೂರಿಸಿ ಈ ಕಡೆಯಿಂದ ಆ ಕಡೆ ಬೆರಳಾಡಿಸಿ ತೋರಿಸಿದರು. "ಇದನ್ನ ಅಮ್ಮಂಗೆ ಹೇಗ್ರಿ ತೋರಿಸ್ಲಿ? ತೊಳೆಯೋಕೆ ಕೊಟ್ಟಿದ್ದಾ, ಹರಿಯೋಕೆ ಕೊಟ್ಟಿದ್ದಾ?" ಎಂದು ಮೈದುನನ ಮುಖದ ಹತ್ತಿರ ಕೂಗಿದರು. ಅವನು ನೆಲ ನೋಡುತ್ತಾ ನಿಂತಿದ್ದ. ಇವರು ಕಿಟಕಿ ನೋಡುತ್ತಾ ನಿಂತಿದ್ದರು. ಕಡೆಗೆ ನಾನೇ, "ಅಷ್ಟು ಭಾಗ ಹೊಸದಾಗಿ ನೇಯ್ದು ಕೊಡ್ತೀನಿ, ಸ್ವಲ್ಪ ಟೈಮ್ ಕೊಡಿ" ಎಂದು ಕಳಿಸಿದೆ. ರಿಪೇರಿ ನನ್ನ ಪಾಲಿನ ಕೆಲಸ. ಮಾಡಿದವನೊಬ್ಬ, ಸೂಜಿ ಹಿಡಿಯುವವಳು ಇನ್ನೊಬ್ಬಳು.

ಸಂಜೆ ಇವರು ಪೇಟೆಯಿಂದ ಒಂದೇ ಚಪ್ಪಲಿ ಹಾಕಿಕೊಂಡು ಬಂದರು. "ಇನ್ನೊಂದೆಲ್ಲಿ ರೀ?" ಅಂದರೆ ಕಾಲು ನೋಡಿಕೊಂಡು ತಾವೇ ಬೆಚ್ಚಿಬಿದ್ದರು. ನಾನು ನಕ್ಕಿದ್ದೇ ನಕ್ಕಿದ್ದು. ತಮ್ಮನ ಮೇಲಿನ ಸಿಟ್ಟಿನಲ್ಲಿ ಅರ್ಧ ದಾರಿ ಬರಿಗಾಲಲ್ಲಿ ನಡೆದು ಬಂದಿದ್ದಾರೆ ಪುಣ್ಯಾತ್ಮರು. ಅವರು ನಗಲಿಲ್ಲ. ಹುಡುಕಿಕೊಂಡು ಹೋಗಿದ್ದು ಸುಂಟರಗಾಳಿ. ಬೀದಿ ಕೊನೆಯಲ್ಲಿ ಸಿಕ್ಕಿತಂತೆ. ತಂದು ಬಾಗಿಲಲ್ಲಿಟ್ಟು ಮಹಡಿಗೆ ಹೋದ.

ಮಾರ್ಚ್ 7, ಶುಕ್ರವಾರ

ಇವರ ಬಿಂಕ ಹೆಚ್ಚಾಗುತ್ತಿದೆ. ಒಲೆಯಿಂದ ಇಳಿಸಿದ ಟೀಯನ್ನು ಲೋಟಕ್ಕೆ ಬಗ್ಗಿಸಿ ಇಟ್ಟಿದ್ದೆ, ಸೆರಗಿಲ್ಲದೆ ನನ್ನ ಕೈಲಿ ಹಿಡಿಯಲಾಗಲಿಲ್ಲ. ಇವರು ಬರಿಗೈಲಿ ಎತ್ತಿ ಆರಾಮಾಗಿ ಕುಡಿದರು. "ಸುಡಲ್ವೇನ್ರೀ?" ಅಂದೆ. "ಗಂಡಸಿನ ಕೈ ಕಣೇ" ಅಂದರು. ಅದೇ ಗಂಡಸು ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿಯ ಮುಂದೆ ಅರ್ಧ ಗಂಟೆ ನಿಲ್ಲುತ್ತಾರೆ. ಈಗ ಗುಂಡಿ ಇಲ್ಲದ ಬನಿಯನ್ನಿನಂಥ ಅಂಗಿಗಳನ್ನೇ ಹುಡುಕಿ ಹಾಕುತ್ತಿದ್ದಾರೆ. ಈ ವಯಸ್ಸಿನಲ್ಲಿ ಶೋಕಿ.

ಮಾರ್ಚ್ 11, ಮಂಗಳವಾರ

ಕನ್ನಡಕದವರ ಕಾರ್ಪೆಟ್ಟನ್ನು ಕಿಟಕಿಯ ಬೆಳಕಿಗೆ ಹಾಸಿಕೊಂಡು ಕೂತೆ. ತೂತಿನ ಸುತ್ತ ಸಡಿಲ ಎಳೆಗಳನ್ನು ಬಿಡಿಸಿ ಗಟ್ಟಿ ನೂಲು ಸಿಗುವವರೆಗೆ ಹೋಗಬೇಕು, ಆಮೇಲೆ ಹಾಸು, ಆಮೇಲೆ ಹೊಕ್ಕು, ಆಮೇಲೆ ಒಂದೊಂದೇ ಗಂಟು.

ಕಾರ್ಪೆಟ್ಟಿನ ಬೆನ್ನು ಮೇಲೆ ಮಾಡಿದಾಗ ಬೆರಳಿಗೆ ಏನೋ ಗರಗರ ತಾಗಿತು. ಉಗುರಿನಲ್ಲಿ ಕೆರೆದೆ. ಒಣಗಿದ ಗೋಂದು. ತೂತಿನ ಸುತ್ತಲೂ ಗೋಂದಿನ ಬಳೆ. ಅಂದರೆ ಅಲ್ಲಿ ಮೊದಲೇ ತೂತಿತ್ತು. ಮಾರಿದವನು ಯಾರೋ ಹಿಂದಿನಿಂದ ತೇಪೆ ಅಂಟಿಸಿ, ಮೇಲೆ ಬಣ್ಣ ಬಳಿದು ದಾಟಿಸಿದ್ದಾನೆ. ನೀರಿಗೆ ಬಿದ್ದಮೇಲೆ ಗೋಂದು ಕರಗಿತು, ತೇಪೆ ಕಿತ್ತುಬಂತು. ಬ್ರಷ್ಷು ಎಷ್ಟು ಮೆಲ್ಲಗೆ ಆಡಿಸಿದ್ದರೂ ಬರುತ್ತಿತ್ತು.

ಆದರೆ ಗೋಂದು ಹಾಕಿದ ತೇಪೆ ರಟ್ಟಿನ ಹಾಗಿರುತ್ತದೆ. ಮೆತ್ತನೆಯ ಉಣ್ಣೆಯ ನಡುವೆ ಅಷ್ಟು ದೊಡ್ಡ ರಟ್ಟು ಕೈಗೆ ಸಿಗಲಿಲ್ಲ ಅಂದರೆ ಹೇಗೆ? ಯಾರು ಯಾವ ಅರ್ಧ ನೋಡಿದ್ದೆಂದು ಅಂಚಿಗೆ ಹಾಕಿದ ಗುರುತು ನೋಡಿದೆ. ನನ್ನ ತುದಿಯಲ್ಲ, ಇವರ ತುದಿ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಇವರಿಗೆ ಅವಮಾನ. ಇಷ್ಟು ವರ್ಷದಲ್ಲಿ ಒಂದು ದಿನ ಗಮನ ಬೇರೆಲ್ಲೋ ಇದ್ದಿರಬೇಕು. ಮೈದುನನಿಗೆ ಮಾತ್ರ ಸಂಜೆ ಟೀ ಜೊತೆ ಎರಡು ಬಿಸ್ಕತ್ತು ಹೆಚ್ಚು ಕೊಟ್ಟೆ. "ಏನ್ ಅತ್ತಿಗೆ ಇವತ್ತು ವಿಶೇಷ?" ಅಂದ. "ತಿನ್ನೋ ಸುಮ್ನೆ" ಅಂದೆ.

ಮಾರ್ಚ್ 12, ಬುಧವಾರ

ಇವತ್ತು ಒಂದು ಸಣ್ಣ ಕಾರ್ಪೆಟ್ಟು ಬಂತು. ಇಬ್ಬರೂ ನೋಡಿ ಆಯಿತು. ಇವರು ಎದ್ದು ಹೋದಮೇಲೆ, ಸುಮ್ಮನೆ, ಇವರ ಅರ್ಧದ ಮೇಲೂ ಒಮ್ಮೆ ಕೈಯಾಡಿಸಿದೆ. ಒಂದು ಹೇರ್‌ಪಿನ್ನು ಸಿಕ್ಕಿತು. ಮೇಲೇ ಇತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಾರ್ಚ್ 15, ಶನಿವಾರ

ಮೈದುನ ಈ ತಿಂಗಳ ಕೊನೆಗೆ ಹೊರಡುತ್ತಾನಂತೆ. ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿದೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ. ನನ್ನ ಹತ್ತಿರ ಹೇಳಿದ, ಅಣ್ಣನಿಗೆ ತಲುಪಿಸಲು. ಇದು ಇಬ್ಬರೂ ಹುಟ್ಟಿ ಬೆಳೆದ ಮನೆ. ಇವನಿಲ್ಲದೆ ಆ ಒದ್ದೆ ಕಾರ್ಪೆಟ್ಟನ್ನು ತೊಟ್ಟಿಯಿಂದ ಎತ್ತಿ ಹಗ್ಗದ ಮೇಲೆ ಹಾಕಲು ಇವರ ಕೈಲಾಗುತ್ತದೆಯೇ? ಅದಿರಲಿ, ಇವನಿಲ್ಲದ ಊಟದ ಮನೆಯಲ್ಲಿ ನಾವಿಬ್ಬರೇ ಮುಖ ಮುಖ ನೋಡಿಕೊಂಡು ಕೂರಬೇಕೇ?

ಇವರಿಗೆ ಹೇಳಿದೆ. ತಟ್ಟೆಯಲ್ಲಿ ಕೈ ಆಡಿಸುತ್ತಾ ಕೂತರು. "ಹೋಗ್ಲಿ ಬಿಡು. ಅವನಿಗೂ ಒಳ್ಳೇದು" ಅಂದರು. ಸಿಟ್ಟಿನ ಧ್ವನಿಯಾಗಿರಲಿಲ್ಲ ಅದು.

ಬೆಳಗ್ಗೆ ಮತ್ತೆ ಜಗಳ ಬೇರೆ. ನಾನು ಮಂಡಿಯೂರಿ ನೋಡುತ್ತಿದ್ದಾಗಲೇ ತೊಟ್ಟಿಯ ಕಡೆಯಿಂದ ಅವನ ಕೂಗು, "ಅತ್ತಿಗೇ, ನೀವು ನೋಡಿದ್ರಾ?" ಒಂದು ವರ್ಷದಿಂದ ಇದೇ ರಾಗ. "ಅತ್ತಿಗೆ ನೀವು ನೋಡಿದ್ರಾ, ನೀವು ನೋಡಿದ್ರಾ." ಮೂಗಿನ ತುದಿಯಲ್ಲಿದ್ದ ಕೋಪ ನಾಲಿಗೆಗೆ ಇಳಿಯಿತು. "ನಿನ್ನ ಅವಸರಕ್ಕೆ ಬೆಂಕಿ ಬೀಳ! ಅಣ್ಣ ನೋಡಿದ್ದಾಯ್ತಲ್ಲ, ಸಾಲದಾ?" ಅಂದೆ. ಅವನು ನನ್ನ ಮುಖವನ್ನೇ ನೋಡಿ, "ಸರಿ ಅತ್ತಿಗೆ" ಎಂದು ನಲ್ಲಿ ತಿರುಗಿಸಿದ.

ಆಮೇಲೆ ಮನಸ್ಸು ತಡೆಯಲಿಲ್ಲ. ನಲ್ಲಿ ನಿಲ್ಲಿಸು ಅಂದೆ. ಇವರ ಅರ್ಧ ಮತ್ತೊಮ್ಮೆ ನೋಡಿದೆ. ಒಂದು ಮೂಲೆಯಲ್ಲಿ ನುಸಿ ತಿಂದು ಬರೀ ಹಾಸಿನ ನೂಲು ಉಳಿದಿತ್ತು.

ಮಾರ್ಚ್ 19, ಬುಧವಾರ

ವಾಚನಾಲಯದಿಂದ ದೊಡ್ಡದೊಂದು ಬಂದಿದೆ. ಕೆನೆಯ ಬಣ್ಣ. ಇಂಥ ಬಣ್ಣದ್ದನ್ನು ಜನ ಓಡಾಡುವ ಜಾಗದಲ್ಲಿ ಹಾಕಿದ ಮಹಾನುಭಾವ ಯಾರೋ. ಅಂಚಿಗೆ ಸುತ್ತಲೂ ಚಿಕ್ಕ ಮೊಳೆ ಹೊಡೆದು ನೆಲಕ್ಕೆ ಕೂರಿಸಿದ್ದರಂತೆ, ಕಿತ್ತು ತಂದಿದ್ದಾರೆ. ಅರ್ಧಕ್ಕರ್ಧ ಮೊಳೆಗಳು ಅದರಲ್ಲೇ ಇವೆ. ನಾಳೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು.

ಮಾರ್ಚ್ 20, ಗುರುವಾರ

ಬರೆಯಲಾಗುವುದಿಲ್ಲ. ಇವರ ಕಾಲು.

ಮಾರ್ಚ್ 21, ಶುಕ್ರವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡೈರಿ ಚೀಲದಲ್ಲಿ ಹೇಗೆ ಬಂತೋ ಗೊತ್ತಿಲ್ಲ. ಔಷಧಿ ಚೀಟಿಗಳ ಜೊತೆ ತುರುಕಿರಬೇಕು.

ನಿನ್ನೆ ಕೆನೆಬಣ್ಣದ್ದನ್ನು ಹಾಸಿದೆವು. ಕೈ ಆಯಿತು, ಕಾಲಾಯಿತು. ಇವರು "ನೋಡಿದೆ" ಎಂದು ಟೀ ಕುಡಿಯಲು ಗೋಡೆಯ ಪಕ್ಕದ ಸ್ಟೂಲಿಗೆ ಹೋದರು. ನಾನು ಎಂದಿನಂತೆ ಇವರ ಅರ್ಧಕ್ಕೆ ಹೊರಳಿದೆ. ಎಂದಿನಂತೆ ಎಂದು ಬರೆದೆನಲ್ಲ, ಈಗ ಅದೂ ಅಭ್ಯಾಸವಾಗಿಬಿಟ್ಟಿದೆ.

ಅಲ್ಲೊಂದು ಕೆಂಪು ಚುಕ್ಕೆ. ಬೆಳಗ್ಗೆ ಹಾಸುವಾಗ ಇರಲಿಲ್ಲ. ಒಂದು ಹೆಜ್ಜೆ ಆಚೆ ಇನ್ನೊಂದು, ಸ್ವಲ್ಪ ದೊಡ್ಡದು. ಅದರಾಚೆ ಮತ್ತೊಂದು. ನನಗೆ ಬಂದದ್ದು ಸಿಟ್ಟು. ವೀಳ್ಯವೋ ಬಣ್ಣವೋ ಏನೋ ತುಳಿದು ಬಂದು ಮೈದುನ ಇದರ ಮೇಲೆ ನಡೆದಿದ್ದಾನೆ ಎಂದುಕೊಂಡೆ. ತಣ್ಣೀರಲ್ಲಿ ಬಿಳಿಬಟ್ಟೆ ಅದ್ದಿ ಒತ್ತಿದೆ. ಬಟ್ಟೆಗೆ ಬಂದದ್ದು ರಕ್ತ, ಹಸಿ ರಕ್ತ.

"ಏಯ್, ಕಾಲು ತೋರಿಸೋ" ಅಂದೆ. ತೊಟ್ಟಿಯ ಕಟ್ಟೆ ಮೇಲೆ ಕೂತು ಎರಡೂ ಅಂಗಾಲು ಎತ್ತಿ ತೋರಿಸಿದ, ಸೋಪಿನ ನೀರಲ್ಲಿ ಬೆಳ್ಳಗೆ ನೆನೆದ ಕಾಲು. ನನ್ನ ಕಾಲು ನೋಡಿಕೊಂಡೆ. ಆಮೇಲೆ ಚುಕ್ಕೆಗಳು ಹೋಗುವ ದಿಕ್ಕು ನೋಡಿದೆ. ಕಾರ್ಪೆಟ್ಟು ದಾಟಿ, ನೆಲದ ಮೇಲೂ, ಸ್ಟೂಲಿನ ತನಕ. ಇವರು ಟೀ ಕುಡಿಯುತ್ತಿದ್ದರು. ಬಲಗಾಲಿನ ಕೆಳಗೆ ಅಂಗೈಯಗಲ ರಕ್ತ.

"ರೀ, ಕಾಲು!"

"ಏನಾಯ್ತು ಕಾಲಿಗೆ?" ಅಂದರು. ನನ್ನ ಕಾಲಿಗೆ ಏನೋ ಆಗಿದೆ ಎಂದುಕೊಂಡು ನನ್ನ ಕಾಲು ನೋಡಿದರು.

ಅಂಗಾಲಿನಲ್ಲಿ ಮೊಳೆ. ತಲೆ ಮಾತ್ರ ಹೊರಗೆ ಕಾಣುತ್ತಿತ್ತು. ಅಷ್ಟು ದೂರ ಅದರ ಮೇಲೇ ನಡೆದಿದ್ದಾರೆ. ಕೂತಿದ್ದಾರೆ. ಟೀ ಬಿಸಿಯಿಲ್ಲ ಎಂದು ಗೊಣಗಿದ್ದಾರೆ. ಮೈದುನ ಓಡಿ ಬಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಬೆರಳುಗಳನ್ನು ಬಿಡಿಸಿದ. ಕಿರುಬೆರಳಿನ ಸಂದಿಯಲ್ಲಿ ಹಳೆಯ ಹುಣ್ಣು, ಕಪ್ಪಾಗಿ, ವಾಸನೆ ಬರುತ್ತಿತ್ತು. ಎಷ್ಟು ದಿನದ್ದೋ. ಪ್ರತಿ ದಿನ ಇನ್ನೊಬ್ಬರ ಕಾರ್ಪೆಟ್ಟಿನ ಸಂದಿಗೊಂದಿಗೆಲ್ಲ ಮೂಗಿಟ್ಟು ನೋಡುವವಳು ನಾನು. ಪಕ್ಕದಲ್ಲಿ ಮಲಗುವವರ ಕಾಲು ನೋಡಿರಲಿಲ್ಲ.

ಬೆನ್ನ ಮೇಲೆ ಹೊತ್ತುಕೊಂಡು ಗಾಡಿಯವರೆಗೆ ಓಡಿದ್ದು ಮೈದುನ. ಇವರು ಅವನ ಕುತ್ತಿಗೆಯನ್ನು ಗಟ್ಟಿಯಾಗಿ ತಬ್ಬಿ ಹಿಡಿದಿದ್ದರು.

ಡಾಕ್ಟರಮ್ಮ ಇವರ ಕಣ್ಣು ಮುಚ್ಚಿಸಿ ಒಂದು ನೈಲಾನ್ ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದರು. "ತಾಗಿದಾಗ ಹೇಳಿ" ಅಂದರು. ಇವರು "ಹೂಂ" ಅಂದರು. ಅವರು ಮುಟ್ಟಿರಲಿಲ್ಲ. ಮುಟ್ಟಿದಾಗ ಸುಮ್ಮನಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಹೂಂ" ಅಂದರು, ಅಂದಾಜಿನ ಮೇಲೆ, ಡಾಕ್ಟರಮ್ಮನನ್ನು ಖುಷಿಪಡಿಸುವವರ ಹಾಗೆ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಆ "ಹೂಂ" ಕೇಳಲು ಆಗಲಿಲ್ಲ.

ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು. ಮಾತ್ರೆ ನುಂಗ್ತಿದೀನಲ್ಲ ಅನ್ನುತ್ತಿದ್ದರು. ನೆನಪಾದಾಗ ನುಂಗುತ್ತಿದ್ದರಂತೆ. ಅದು ಒಳಗೊಳಗೇ ನರಗಳನ್ನು ತಿಂದಿದೆ, ಕಾಲಿನದೂ ಕೈಯದೂ. ಇನ್ನು ಕೆಲವು ದಿನ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಅಂದರು ಡಾಕ್ಟರಮ್ಮ. ಈಗಲೂ ಉಳಿಯುತ್ತದೆ ಎಂದು ಮಾತು ಕೊಡಲಿಲ್ಲ. ಕಾದು ನೋಡೋಣ ಅಂದರು.

ಮಾರ್ಚ್ 24, ಸೋಮವಾರ

ಇವತ್ತು ಸಂಜೆ ಮೈದುನ ಕಿತ್ತಳೆಹಣ್ಣು ತಂದಿದ್ದ. ಮಂಚದ ಪಕ್ಕ ಕೂತು ಸುಲಿಯುತ್ತಿದ್ದ. ಇವರು ಸೂರು ನೋಡುತ್ತಾ ಮಲಗಿದ್ದವರು, "ಬಾರೋ ಇಲ್ಲಿ" ಅಂದರು. ಟಪಾಲಿನವಳ ಕೈಗೆ ಕೊಡದೆ ನೇರವಾಗಿ ಆಡಿದ ಮೊದಲ ಮಾತು.

"ಆ ಕನ್ನಡಕದವರದ್ದು ನಿನ್ ಬ್ರಷ್ಷಿಗೆ ಹರೀಲಿಲ್ಲ ಕಣೋ. ಅಲ್ಲೊಂದು ತೇಪೆ ಇದ್ದಿರ್ಬೇಕು, ನನ್ ಅರ್ಧದಲ್ಲಿ. ನನ್ ಬೆರಳಿಗೆ ಗೊತ್ತಾಗ್ಲಿಲ್ಲ. ಗೊತ್ತಾಗಲ್ಲ ಅನ್ನೋದು ನಂಗೆ ಗೊತ್ತಿತ್ತು. ಸುಮ್ನೆ ಕೈಯಾಡಿಸಿ ನೋಡಿದೆ ಅಂತಿದ್ದೆ. ಕೈ ಹೋಯ್ತು ಅಂದ್ರೆ ಈ ಅಂಗಡೀಲಿ ನಾನ್ಯಾರು ಅಂತ ಹೆದರಿಕೆ ಆಯ್ತು. ನಿನ್ ಮೇಲೆ ಹಾಕ್ದೆ."

ಮೈದುನ ಹಣ್ಣಿನ ತೊಳೆಗಳನ್ನು ಬಿಡಿಸುತ್ತಲೇ ಇದ್ದ. "ಗೊತ್ತಿತ್ತು ಅಣ್ಣಾ" ಅಂದ.

"ಏನ್ ಗೊತ್ತಿತ್ತು?"

"ಆಚೆ ವರ್ಷದ ಚಳಿಗಾಲದಲ್ಲಿ ಬಿಸಿನೀರಿನ ಪೈಪು ಹಿಡ್ಕೊಂಡು ನಿಂತಿದ್ದೆ ನೀನು. ಪಕ್ಕದಲ್ಲಿ ನಿಂತ್ರೇ ಸುಡ್ತಿತ್ತು ನಂಗೆ. ನೀನು ಮಾತಾಡ್ತಾನೇ ಇದ್ದೆ. ಅಂಗೈ ಕೆಂಪಗಾಗಿತ್ತು."

ನನಗೆ ರೇಗಿತು. "ಗೊತ್ತಿದ್ರೆ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ಬೈಸಿಕೊಂಡು ಸುಮ್ನೆ ನಿಂತ್ಯಲ್ಲೋ!"

"ಏನಂತ ಹೇಳ್ಲಿ ಅತ್ತಿಗೆ? ನಿನ್ ಬೆರಳು ಹೋಯ್ತು ಅಂತ ಅಣ್ಣಂಗೆ ನಾನು ಹೇಳ್ಬೇಕಾ? ನಂಗೆ ಕೆಲಸ ಕಲಿಸಿದ್ದೇ ಆ ಬೆರಳು. ಅದಕ್ಕೇ ನಿಮ್ಮನ್ನ ಕೇಳ್ತಿದ್ದೆ. ದಿನಾ ಕೇಳ್ತಿದ್ದೆ, ನೀವು ನೋಡಿದ್ರಾ ಅಂತ. ನೀವು ಬೈದ್ರೂ ಒಂದ್ಸಲ ನೋಡ್ತೀರ ಅಂತ."

ಒಂದು ವರ್ಷ ನನ್ನ ಕಿವಿಗೆ ಬಿದ್ದ ಮಾತು. ಅವಸರಗೇಡಿ, ಸುಂಟರಗಾಳಿ ಎಂದು ಎಷ್ಟು ಬೈದಿದ್ದೇನೆ. ಅವನಿಗೆ ಯಾವ ಅವಸರವೂ ಇರಲಿಲ್ಲ. ಅಣ್ಣನ ಮಾನವೂ ಉಳಿಯಬೇಕು, ಜನರ ಕಾರ್ಪೆಟ್ಟೂ ಉಳಿಯಬೇಕು ಎಂದು ತೊಟ್ಟಿಯ ಬಳಿ ನಿಂತು ಅವನಿಗೆ ತೋಚಿದ ಉಪಾಯ ಅದೊಂದೇ.

"ಇಲ್ಲೇ ಇದ್ರೆ ಒಂದಿನ ಸಿಟ್ಟಲ್ಲಿ ಬಾಯಿಗೆ ಬಂದ್ಬಿಡುತ್ತೆ ಅಂತ ಹೋಗೋಕೆ ಹೊರಟೆ" ಅಂದ. ಆಮೇಲೆ ಹಣ್ಣು ಕೈಯಲ್ಲೇ ಜಜ್ಜಿಹೋಗುವ ಹಾಗೆ ಹಿಡಿದು, "ಕೈ ಅಷ್ಟೇ ಅಂದ್ಕೊಂಡಿದ್ದೆ ಅಣ್ಣಾ. ಕಾಲಿಗೂ ಹೋಗಿದೆ ಅಂತ ಗೊತ್ತಿದ್ರೆ ಆವತ್ತೇ ಎತ್ಕೊಂಡು ಬರ್ತಿದ್ದೆ" ಎಂದು ಅತ್ತುಬಿಟ್ಟ. ಇವರೂ ಅತ್ತರು. ನಾನು ಮಾತ್ರ ಅಳಲಿಲ್ಲ, ನೆಲದ ಮೇಲೆ ಬಿದ್ದ ಸಿಪ್ಪೆ ಹೆಕ್ಕಿದೆ. ಸಿಪ್ಪೆ ಹೆಕ್ಕುವಾಗ ಅತ್ತೆ.

ಇವರು ತಮ್ಮನ ಕೈ ಹಿಡಿದುಕೊಂಡು, "ನಿನ್ ಕೈ ತಣ್ಣಗಿದ್ಯೋ ಬಿಸಿ ಇದ್ಯೋ ಅದೂ ಗೊತ್ತಾಗಲ್ಲ ಕಣೋ ನಂಗೆ" ಅಂದರು.

"ಹಣ್ಣಿನ ರಸ ಮೆತ್ಕೊಂಡಿದೆ. ಅಷ್ಟು ತಿಳ್ಕೊಂಡ್ರೆ ಸಾಕು" ಅಂದ ಅವನು.

ಮಾರ್ಚ್ 28, ಶುಕ್ರವಾರ

ಕಿರುಬೆರಳು ತೆಗೆದರು. ಪಾದ ಉಳಿಯಿತು.

ಮೈದುನ ಹೋಟೆಲಿನವರಿಗೆ ಬರುವುದಿಲ್ಲ ಎಂದು ಹೇಳಿ ಬಂದಿದ್ದಾನೆ. ಇವರು ಎಚ್ಚರಾದಮೇಲೆ ಮೊದಲು ಕೇಳಿದ್ದು, "ವಾಚನಾಲಯದ್ದು ಏನಾಯ್ತು?" ತಣ್ಣೀರಲ್ಲಿ ರಕ್ತ ಪೂರ್ತಿ ಬಿಟ್ಟಿತು, ಕೊಟ್ಟು ಕಳಿಸಿದ್ದಾಯಿತು ಅಂದೆ. "ಮಿಕ್ಕ ಮೊಳೆ?" ಅಂದರು. ಈ ಮನುಷ್ಯನನ್ನು ಏನು ಮಾಡಬೇಕು ಹೇಳಿ.

ಏಪ್ರಿಲ್ 8, ಮಂಗಳವಾರ

ಕನ್ನಡಕದವರ ಕಾರ್ಪೆಟ್ಟು ಮುಗಿಯಿತು. ಅವರು ಬಂದು ತೂತಿದ್ದ ಜಾಗ ಹುಡುಕಿದರು, ಸಿಗಲಿಲ್ಲ. ಖುಷಿಯಾಗಿ ಸುತ್ತಿಕೊಂಡು ಹೊರಡಲಿದ್ದರು. ನಾನೇ ಬಿಚ್ಚಿಸಿ, ಅವರ ಬೆರಳು ಹಿಡಿದು ಇಟ್ಟು ತೋರಿಸಿದೆ. "ಇಲ್ಲಿಂದ ಇಲ್ಲಿವರೆಗೆ ನನ್ನ ಕೈಯದು. ಮುಂದೆ ಯಾರಿಗಾದ್ರೂ ತೊಳೆಯೋಕೆ ಕೊಟ್ರೆ ಮೊದ್ಲೇ ಹೇಳ್ಬಿಡಿ." ಗೋಂದಿನ ವಿಷಯವನ್ನೂ ಹೇಳಿದೆ. ತೇಪೆ ಅಂಟಿಸಿ ಮಾರಿದವನ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ.

"ಹಾಗಾದ್ರೆ ತೊಳೆದವರ ತಪ್ಪಲ್ವಾ?" ಅಂದರು.

"ತೊಳೆದವನದಲ್ಲ. ನೋಡಿದವರದು. ನೋಡಿದವರು ಇಬ್ಬರು, ಅದರಲ್ಲಿ ನಾನೂ ಒಬ್ಬಳು."

ಅವರು ತೊಟ್ಟಿಯ ಹತ್ತಿರ ಹೋಗಿ ಮೈದುನನಿಗೆ, "ಆವತ್ತು ಜೋರು ಮಾಡಿದೆ, ಮನಸ್ಸಿಗೆ ಹಚ್ಕೋಬೇಡಿ" ಅಂದರು. ಅವನು ಬೆರಳಿಗೆ ಅಂಟಿದ ನೊರೆಯನ್ನು ಅಂಗಿಗೆ ಒರೆಸಿಕೊಂಡು, "ನಿಮ್ಮ ಅಮ್ಮಂಗೆ ಹೇಳಿ, ಬಣ್ಣ ಬಹಳ ಚೆನ್ನಾಗಿದೆ ಅಂತ" ಅಂದ. ಎಲ್ಲಿಂದ ಎಲ್ಲಿಗೋ ಮಾತು ತಿರುಗಿಸುವುದು ಅವನಿಗೆ ಮೊದಲಿಂದ ಬರುತ್ತದೆ.

ಏಪ್ರಿಲ್ 22, ಮಂಗಳವಾರ

ಬಹಳ ದಿನದಿಂದ ಬರೆದಿಲ್ಲ. ಬರೆಯುವುದಕ್ಕೆ ಪುರುಸೊತ್ತೂ ಇಲ್ಲ, ಅಷ್ಟೊಂದು ಕಾರಣವೂ ಇಲ್ಲ. ಮನೆಯಲ್ಲಿ ಮೂರು ಜನ, ಮೂವರೂ ಒಟ್ಟಿಗೇ ಬಾಯಿ ಬಿಡುತ್ತಾರೆ, ಒಬ್ಬರದೂ ಕೇಳಿಸುವುದಿಲ್ಲ.

ಈಗ ನಾನು ಈ ತುದಿ, ಸುಂಟರಗಾಳಿ ಆ ತುದಿ. ನೋಡುವುದರಲ್ಲಿ ಅವನು ನನಗಿಂತ ನಿಧಾನ. ನಡುವಿಗೆ ಬಂದು ನಾನು ಕಾಯುತ್ತಾ ಕೂರಬೇಕು. ಇವರು ಕುರ್ಚಿಯಲ್ಲಿ ಕೂತಿರುತ್ತಾರೆ, ಮೆತ್ತನೆಯ ಬೂಟು ಹಾಕಿಕೊಂಡು. ಮೊದಮೊದಲು ಮನೆಗೆ ಬಂದ ನೆಂಟರ ಹಾಗೆ ಮುದುರಿಕೊಂಡು ಕೂತಿರುತ್ತಿದ್ದರು, ನೋಡಲು ಸಂಕಟವಾಗುತ್ತಿತ್ತು. ಹೋದ ವಾರ ನಾನು ಒಂದು ಹಳೆಯ ಕಾರ್ಪೆಟ್ಟಿನ ಮೂಲೆ ಮಡಿಚುತ್ತಿದ್ದಾಗ, "ತಡಿ, ಇನ್ನೊಂದ್ಸಲ ಮಡಚು" ಅಂದರು. ಕುರ್ಚಿಯನ್ನು ಎಳೆದುಕೊಂಡು ಬಂದು ಕಿವಿಯ ಹತ್ತಿರ ಹಿಡಿಸಿಕೊಂಡರು. "ಹಾಸಿನ ನೂಲು ಲಡ್ಡಾಗಿದೆ. ಚಟಚಟ ಅಂತಿದೆ, ಕೇಳಿಸ್ತಾ?" ನನಗೆ ಕೇಳಿಸಲಿಲ್ಲ, ಮೈದುನನಿಗೂ ಇಲ್ಲ. ಬೆನ್ನು ತಿರುಗಿಸಿ ಸೂಜಿಯಿಂದ ಚುಚ್ಚಿ ನೋಡಿದರೆ ನೂಲು ಪುಡಿಪುಡಿಯಾಗಿ ಉದುರಿತು. ನೀರಿಗೆ ಹಾಕಿದ್ದರೆ ಗಂಜಿಯಾಗುತ್ತಿತ್ತು. ಆವತ್ತಿನಿಂದ ಕೈ, ಕಾಲು, ಕಿವಿ, ಆಮೇಲೆ ನೀರು. ಮೂರನೆಯದಾಗಿ ಇವರು "ಕೇಳಿದೆ" ಅನ್ನುತ್ತಾರೆ. ಅನ್ನುವಾಗ ಸ್ವಲ್ಪ ಜೋರಾಗಿಯೇ ಅನ್ನುತ್ತಾರೆ.

ಡಾಕ್ಟರಮ್ಮ ಒಂದು ಮಾತು ಹೇಳಿದ್ದಾರೆ. ಕಾಲು ತೊಳೆಯುವ ಮುಂಚೆ ದಿನಾ ನೋಡಬೇಕು, ಅಂಗಾಲು, ಹಿಮ್ಮಡಿ, ಬೆರಳ ಸಂದಿ. ಅವರಿಗೆ ಗೊತ್ತಾಗುವುದಿಲ್ಲ, ಮನೆಯವರೇ ನೋಡಬೇಕು. ಹಾಗಾಗಿ ಸಂಜೆ ಕೆಲಸ ಮುಗಿದಮೇಲೆ ಕಿಟಕಿಯ ಹತ್ತಿರ ಕೂತು, ತೊಡೆಯ ಮೇಲೆ ಬಿಳಿಬಟ್ಟೆ ಹಾಸಿಕೊಂಡು, ಇವರ ಕಾಲು ಇಟ್ಟುಕೊಳ್ಳುತ್ತೇನೆ. ಮೊದಲ ದಿನ ಇವರು ನಾಚಿಕೊಂಡು ಎಳೆದುಕೊಂಡಿದ್ದರು. ಈಗ ತಾವೇ ಚಾಚುತ್ತಾರೆ. ಬೆರಳಿದ್ದ ಜಾಗ ಚೆನ್ನಾಗಿ ಮಾಗಿದೆ. ಹಿಮ್ಮಡಿಯ ಹತ್ತಿರ ಒಂದು ಹಳೆಯ ಮಚ್ಚೆ ಇದೆ, ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕಂಡಿರಲಿಲ್ಲ.

ಇವತ್ತು ನಾನು ಬಲಗಾಲು ಮುಗಿಸಿ ಕೆಳಗಿಡುತ್ತಿದ್ದೆ. ಇವರು ಕಣ್ಣು ಮುಚ್ಚಿಕೊಂಡು ಒರಗಿದ್ದರು. "ಮುಟ್ತಾ ಇದೀಯಾ?" ಅಂದರು. "ಹೂಂ, ಮುಟ್ತಾ ಇದೀನಿ" ಅಂದೆ. ಅಷ್ಟರಲ್ಲಿ ಅಡುಗೆಮನೆಯಿಂದ ಉಗುರುಬೆಚ್ಚಗಿನ ನೀರಿನ ಬೋಗುಣಿ ಹಿಡಿದುಕೊಂಡು ಸುಂಟರಗಾಳಿ ಕೂಗಿದ.

"ಅತ್ತಿಗೇ, ನೀರು ತರ್ಲಾ? ನೀವು ನೋಡಿದ್ರಾ?"

"ತಡಿಯೋ" ಅಂದೆ. "ಇನ್ನೊಂದು ಕಾಲು ಬಾಕಿ ಇದೆ."